ರೋಸ್ಟ್ ಟರ್ಕಿ: ‘ಹುರಿದ ಸೀಮೆಕೋಳಿ’ ಸರಿಯೇ?

ಪ್ರಶ್ನೆ: ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ (ನವೆಂಬರಿನ ಕೃತಜ್ಞತೆಯ ಹಬ್ಬ) ಕುರಿತ ಬರಹದಲ್ಲಿ ‘ರೋಸ್ಟ್ ಟರ್ಕಿ’ಯನ್ನು ‘ಹುರಿದ ಸೀಮೆಕೋಳಿ’ ಎನ್ನಬಹುದೇ? ‘ಸ್ಟಫಿಂಗ್’ ಅಂದರೆ ಹೂರಣವೇ? ಆ ಹಬ್ಬಕ್ಕೆ ಈ ಹಕ್ಕಿಯೇ ಏಕೆ?

ಉತ್ತರ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳ ಸಾಲಿಗೆ ‘ಸೀಮೆಕೋಳಿ’ ಚೆನ್ನಾಗಿಯೇ ಹೊಂದುತ್ತದೆ. ಸೀಮೆಬದನೆಯಂತೂ ಈ ಹಕ್ಕಿಯ ಊರಿನದೇ. ಟರ್ಕಿಯನ್ನು ಮೊದಲು ಸಾಕಿ ಪಳಗಿಸಿದ್ದೂ ಮೆಕ್ಸಿಕೊದಲ್ಲಿ. ಎಲ್ಲಿಂದಲೋ ಬಂದದ್ದಕ್ಕೆ ತೋಚಿದ ಸೀಮೆಯ ಹೆಸರಿಡುವ ಚಾಳಿ ಎಲ್ಲ ಭಾಷೆಗಳದ್ದೂ ಹೌದು. ಇಂಗ್ಲಿಷರು ತುರ್ಕರ ವ್ಯಾಪಾರದ ದಾರಿಯಲ್ಲಿ ಬಂದ ಆಫ್ರಿಕದ ಗಿನಿಕೋಳಿಯನ್ನು ‘ಟರ್ಕಿ’ ಎಂದರು, ಆಮೇಲೆ ಅದೇ ಹೆಸರು ಮೆಕ್ಸಿಕೊದ ಹಕ್ಕಿಗೆ ಅಂಟಿಕೊಂಡಿತು. ತುರ್ಕರ ಬಾಯಲ್ಲಿ ಅದು ‘ಹಿಂದಿ’, ಅಂದರೆ ಹಿಂದೂಸ್ತಾನದ್ದು. ಡಚ್ಚರ ‘ಕಾಲ್ಕೂನ್’ ಹುಟ್ಟಿದ್ದು ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರಿನಿಂದ! ಪೋರ್ಚುಗೀಸರು ‘ಪೆರು’ ಎಂದರು. ಹಿಂದಿಯ ‘ಪೀರೂ’ ಅದರಿಂದಲೇ ಬಂದದ್ದು.

ಆದರೂ ಬರಹದಲ್ಲಿ ‘ಸೀಮೆಕೋಳಿ’ ಬೇಡ. ಗಿನಿಕೋಳಿಯೋ, ಫಾರಂ ಕೋಳಿಯೋ ಎಂದು ಓದುಗರು ತಡವರಿಸುತ್ತಾರೆ. ಮೊದಲ ಸಲ ‘ಟರ್ಕಿಕೋಳಿ’, ಮುಂದೆ ‘ಟರ್ಕಿ’ ಸಾಕು. ದೇಶದ ಮಾತು ಬಂದರೆ ‘ತುರ್ಕಿ’ ಎಂದು ಬರೆಯಿರಿ, ಗೊಂದಲ ಅಲ್ಲಿಗೇ ಮುಗಿಯುತ್ತದೆ.

‘ಹುರಿದ’ ಖಂಡಿತ ತಪ್ಪು. ಹುರಿಯುವುದೆಂದರೆ ಬಾಣಲೆ, ಸೌಟು, ತುಂಡುಗಳು. ಇಲ್ಲಿ 6–7 ಕಿಲೋ ತೂಕದ ಇಡೀ ಹಕ್ಕಿ ಓವನ್ನಿನ ಒಣ ಶಾಖದಲ್ಲಿ ಗಂಟೆಗಟ್ಟಲೆ ಬೇಯುತ್ತದೆ. ‘ಸುಟ್ಟ’ ಎಂದರೆ ಕೆಂಡ ನೆನಪಾಗುತ್ತದೆ. ‘ಓವನ್ನಿನಲ್ಲಿ ಇಡಿಯಾಗಿ ಬೇಯಿಸಿದ ಟರ್ಕಿ’ ಉದ್ದವಾದರೂ ನಿಜ ಹೇಳುತ್ತದೆ.

ಹೂರಣ ಎಂದೊಡನೆ ಹೋಳಿಗೆಯ ಬೆಲ್ಲ ನಾಲಿಗೆಗೆ ಬರುತ್ತದೆ. ಸ್ಟಫಿಂಗ್ ಎಂಬುದು ಒಣ ಬ್ರೆಡ್ಡಿನ ಚೂರು, ಈರುಳ್ಳಿ, ಸೆಲರಿ, ಸೇಜ್ ಎಲೆ, ಬೆಣ್ಣೆ ಸೇರಿದ ಖಾರವಿಲ್ಲದ ಮಿಶ್ರಣ. ಎಣ್ಣೆಗಾಯಿಗೆ ಮಸಾಲೆ ತುಂಬುವಂತೆ ಹಕ್ಕಿಯ ಹೊಟ್ಟೆಗೆ ತುಂಬುತ್ತಾರೆ, ‘ಒಳತುಂಬು’ ಎನ್ನಬಹುದು. ಹಸಿ ಮಾಂಸದ ರಸ ಕುಡಿದ ಅದರ ನಡುಭಾಗವೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು, ಅಷ್ಟರಲ್ಲಿ ಎದೆಯ ಮಾಂಸ ಒಣಗಿ ನಾರಾಗುತ್ತದೆ. ಅದಕ್ಕೇ ಹಲವರು ಬೇರೆ ತಟ್ಟೆಯಲ್ಲಿ ಬೇಯಿಸುತ್ತಾರೆ. ಅಮೆರಿಕದ ದಕ್ಷಿಣದಲ್ಲಿ ಇದನ್ನು ‘ಡ್ರೆಸಿಂಗ್’ ಎನ್ನುವುದೇ ರೂಢಿ. ಅದನ್ನು ಸಾಲಡ್ಡಿಗೆ ಸುರಿಯುವ ಡ್ರೆಸಿಂಗ್ ಎಂದು ತಿಳಿದು ಅನುವಾದಿಸಿದರೆ ಊಟವೇ ಬದಲಾಗುತ್ತದೆ.

ಈ ಹಕ್ಕಿಯೇ ಏಕೆ ಎಂಬುದಕ್ಕೆ ಉತ್ತರ ರೈತನ ಲೆಕ್ಕದಲ್ಲಿದೆ. ಹಸು ಹಾಲಿಗೆ ಬೇಕು, ಹೇಂಟೆ ಮೊಟ್ಟೆಗೆ ಬೇಕು; ಟರ್ಕಿ ಸಾಕುವುದೇ ಮಾಂಸಕ್ಕೆ. ವಸಂತದಲ್ಲಿ ಮೊಟ್ಟೆಯೊಡೆದ ಮರಿ ನವೆಂಬರ್ ಹೊತ್ತಿಗೆ ಕೊಬ್ಬುತ್ತದೆ, ಒಂದೇ ಹಕ್ಕಿ ಹತ್ತು ಜನರ ಪಂಕ್ತಿಗೆ ಸಾಕು. ಅಮೆರಿಕದ ಲೇಖಕಿ ಸಾರಾ ಜೊಸೆಫಾ ಹೇಲ್ 1827ರ ತಮ್ಮ ಕಾದಂಬರಿಯಲ್ಲಿ ಈ ಹಬ್ಬದ ಮೇಜಿನ ಅಗ್ರಸ್ಥಾನವನ್ನು ಟರ್ಕಿಗೇ ಕೊಟ್ಟರು, ಮುಂದೆ ರಾಷ್ಟ್ರೀಯ ಹಬ್ಬಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದರು. 1863ರಲ್ಲಿ ಅಧ್ಯಕ್ಷ ಲಿಂಕನ್ ಅದರ ಘೋಷಣೆ ಹೊರಡಿಸಿದರು.

ಒಂದು ಎಚ್ಚರಿಕೆ. ಮೊದಲ ಥ್ಯಾಂಕ್ಸ್‌ಗಿವಿಂಗ್ ಎನ್ನಲಾಗುವ 1621ರ ಪ್ಲಿಮತ್ ಔತಣದ ಬಗ್ಗೆ ಅಲ್ಲಿನ ಇಂಗ್ಲಿಷ್ ವಲಸಿಗ ಎಡ್ವರ್ಡ್ ವಿನ್‌ಸ್ಲೋ ಬರೆದ ಪತ್ರದಲ್ಲಿ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನ ತಂದ ಐದು ಜಿಂಕೆಗಳಿವೆ, ‘ಫೌಲ್’ ಇದೆ, ಟರ್ಕಿಯ ಹೆಸರಿಲ್ಲ. ಬಾತು, ಹೆಬ್ಬಾತುಗಳೂ ಆ ಪದದೊಳಗೆ ಬರುತ್ತವೆ. ಆ ಸಾಲು ಬಂದರೆ ‘ಬೇಟೆಯಾಡಿ ತಂದ ಹಕ್ಕಿಗಳು’ ಎಂದೇ ಬರೆಯಿರಿ.