ಅಪ್‌ಡೇಟ್: ಸಿಎನ್‌ಸಿಗೆ ಕೊನೆಗೂ ನೆಮಾ 23 ಮೋಟರ್ ಹಾಕಿದೆ

ಮನೆಯಲ್ಲೇ ಕಟ್ಟುತ್ತಿರುವ ಸಿಎನ್‌ಸಿ ಮಿಲ್ಲಿಂಗ್ ಮಷಿನ್‌ಗೆ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ) ನೆಮಾ 23 ಮೋಟರ್ ಸಾಕಾ, ಅದಕ್ಕಿಂತ ದೊಡ್ಡ ನೆಮಾ 34 ಬೇಕಾ ಎಂದು ಇಲ್ಲಿ ಹಿಂದೆ ಕೇಳಿದ್ದೆ (ನೆಮಾ ಸಂಖ್ಯೆ ಮೋಟರ್‌ನ ಮುಂಭಾಗದ ಅಳತೆಯನ್ನು ಹೇಳುತ್ತದೆ). ಅಲ್ಯೂಮಿನಿಯಂ ಕೆಲಸಕ್ಕೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನೆಮಾ 23 ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಹಾಕಿದೆ. ಡೇಟಾಶೀಟ್‌ನಲ್ಲಿ ದೊಡ್ಡದಾಗಿ ಬರೆಯುವ ಹೋಲ್ಡಿಂಗ್ ಟಾರ್ಕ್ (ಟಾರ್ಕ್ ಅಂದರೆ ತಿರುಗಿಸುವ ಬಲ) ಮೋಟರ್ ನಿಂತಿರುವಾಗಿನದು. ವೇಗ ಏರಿದಂತೆ ಟಾರ್ಕ್ ಇಳಿಯುತ್ತದೆ, ಇಂಡಕ್ಟನ್ಸ್ (ಸುರುಳಿಯಲ್ಲಿ ಕರೆಂಟ್ ಬೇಗ ಬದಲಾಗದಂತೆ ತಡೆಯುವ ಗುಣ) ಜಾಸ್ತಿ ಇದ್ದರೆ ಇನ್ನೂ ಬೇಗ. ಮೋಟರ್ ತಿರುಗಿದಾಗ ಆಕ್ಸಿಸ್ ಅನ್ನು ಸರಿಸುವ ನನ್ನ ಬಾಲ್‌ಸ್ಕ್ರೂ ಲೀಡ್, ಅಂದರೆ ಒಂದು ಸುತ್ತಿಗೆ ಸಾಗುವ ದೂರ, 5 ಮಿ.ಮೀ. ನಿಮಿಷಕ್ಕೆ 3,000 ಮಿ.ಮೀ. ಓಡಬೇಕೆಂದರೆ ಮೋಟರ್ 600 ಆರ್‌ಪಿಎಂನಲ್ಲಿ ತಿರುಗಬೇಕು. ಅಲ್ಲಿ ಎಷ್ಟು ಟಾರ್ಕ್ ಉಳಿದಿರುತ್ತದೆ ಅನ್ನುವುದೇ ಮುಖ್ಯ ಅಲ್ವಾ? ಅದಕ್ಕೇ ಇಂಡಕ್ಟನ್ಸ್ ಕಡಿಮೆ ಇರುವುದನ್ನು ಆರಿಸಿದೆ.

ಮೊದಲು 24 ವೋಲ್ಟ್ ಸಪ್ಲೈನಲ್ಲಿ ನೋಡಿದೆ. ಎಕ್ಸ್ ಆಕ್ಸಿಸ್ ಜೋರಾಗಿ ಓಡಿಸಿದರೆ ಮೋಟರ್ ಕಿರ್ರ್ ಎಂದು ಕಿರುಚಿ ನಿಂತೇಬಿಡುತ್ತಿತ್ತು. ಅದೇ ಮೋಟರ್, ಅದೇ ಡ್ರೈವರ್ (ಮೋಟರ್‌ಗೆ ಕರೆಂಟ್ ಕೊಡುವ ಸರ್ಕ್ಯೂಟ್), 36 ವೋಲ್ಟ್ ಕೊಟ್ಟ ಮೇಲೆ ಸಲೀಸಾಗಿ ಓಡಿತು. ಡ್ರೈವರ್ ತಡೆಯುವುದು 50 ವೋಲ್ಟ್. 48 ಕೊಡಲು ಧೈರ್ಯ ಬರಲಿಲ್ಲ. ವೇಗ ತಗ್ಗುವಾಗ ಮೋಟರ್ ವಾಪಸ್ ತಳ್ಳುವ ವೋಲ್ಟೇಜ್‌ಗೂ ಜಾಗ ಬೇಕು.

ಝಡ್ ಆಕ್ಸಿಸ್ (ಮೇಲೆ-ಕೆಳಗೆ ಚಲಿಸುವುದು) ಮಾತ್ರ ಬಾಕಿ. ಕರೆಂಟ್ ಹೋದರೆ ಬಾಲ್‌ಸ್ಕ್ರೂ ಹಿಡಿದುಕೊಳ್ಳುವುದಿಲ್ಲ, ಸ್ಪಿಂಡಲ್ (ಕತ್ತರಿಸುವ ಟೂಲ್ ತಿರುಗಿಸುವ ಭಾಗ) ತಾನಾಗಿ ಕೆಳಗೆ ಜಾರುತ್ತದೆ. ನಮ್ಮೂರ ಕರೆಂಟ್ ಗೊತ್ತಲ್ಲ! ಅಲ್ಲಿಗೆ ಬ್ರೇಕ್ ಇರುವ ಮೋಟರ್ ಆರ್ಡರ್ ಮಾಡಿದ್ದೇನೆ.