ಪದಚರ್ಚೆ: ಟೆಲಿಮೆಡಿಸಿನ್ ನಡೆಯುವಾಗ ಹಾಸಿಗೆಯ ಪಕ್ಕದಲ್ಲಿರುವವರನ್ನು ಏನೆಂದು ಕರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನರ್ಸಿಂಗ್ ಹೋಮುಗಳಲ್ಲಿ ನೆಲೆಸಿರುವವರಿಗೆ ಟೆಲಿಮೆಡಿಸಿನ್ ಮೂಲಕ, ಅಂದರೆ ಬೇರೆಡೆ ಇರುವ ವೈದ್ಯರು ಪರದೆಯ ಮೇಲೆ ನೋಡಿ, ಚಿಕಿತ್ಸೆ ಒದಗಿಸುವ ಬಗೆಯನ್ನು ವಿವರಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ನರ್ಸುಗಳು ಮತ್ತು ಆರೈಕೆದಾರರು. ಕೆಲವು ಪದಗಳನ್ನು ಹೇಗೋ ದಾಟಿ ಬಂದೆ. ಒಂದು ಮಾತ್ರ ದಾರಿಗೆ ಅಡ್ಡ ಕುಳಿತಿದೆ.

ದಾಟಿ ಬಂದವುಗಳನ್ನು ಮೊದಲು ಹೇಳುತ್ತೇನೆ, ಆಕ್ಷೇಪವಿದ್ದರೆ ತಿಳಿಸಿ. ‘ಟೆಲಿಮೆಡಿಸಿನ್’ ಅನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ದೂರಚಿಕಿತ್ಸೆ’ ಎಂದರೆ ತಪ್ಪೇನೂ ಇಲ್ಲ. ಆದರೆ ‘ದೂರವಾಣಿ’ ಎಂದು ಅಚ್ಚು ಹಾಕಿಸಿ ‘ಫೋನ್’ ಎಂದು ಮಾತಾಡುವ ನಮಗೆ ಇನ್ನೊಂದು ‘ದೂರ’ ಬೇಕೆ? ‘ದೂರದ ವೈದ್ಯರು’ ಎಂದಾಗಲಂತೂ ‘ದೂರದ ಸಂಬಂಧಿ’ಯೇ ಕಣ್ಣೆದುರು ಬರುತ್ತಾನೆ.

‘ನರ್ಸಿಂಗ್ ಹೋಮ್’ ಕಷ್ಟ ಕೊಟ್ಟಿತು. ನಮ್ಮ ಬಳಕೆಯಲ್ಲಿ ಅದು ಸಣ್ಣ ಖಾಸಗಿ ಆಸ್ಪತ್ರೆ. ‘ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮೂಲ ಕೈಪಿಡಿಯಲ್ಲಿ ಅದು ಮುಪ್ಪು, ಪಾರ್ಶ್ವವಾಯು, ಮರೆವಿನ ಕಾಯಿಲೆಗಳಿಂದ ದಿನನಿತ್ಯ ನರ್ಸಿನ ನೆರವು ಬೇಕಾದವರು ವರ್ಷಗಟ್ಟಲೆ ಬಾಳುವ ಜಾಗ. ಅಲ್ಲಿ ಹೆರಿಗೆಯಾದರೆ ಪತ್ರಿಕೆಯಲ್ಲಿ ಸುದ್ದಿಯಾದೀತು. ‘ವೃದ್ಧಾಶ್ರಮ’ವೂ ಒಗ್ಗುವುದಿಲ್ಲ. ಅಲ್ಲಿ ನರ್ಸ್ ಇರಲೇಬೇಕೆಂದಿಲ್ಲ, ಇಲ್ಲಿ ಇರುವವರೆಲ್ಲ ವೃದ್ಧರೂ ಅಲ್ಲ. ಜೊತೆಗೆ ಆ ಪದಕ್ಕೆ ಅಂಟಿಕೊಂಡಿರುವ ‘ಮಕ್ಕಳು ಕೈಬಿಟ್ಟರು’ ಎಂಬ ನಿಟ್ಟುಸಿರು ಕೈಪಿಡಿಗೆ ಬೇಡ. ಕೊನೆಗೆ ‘ಶುಶ್ರೂಷಾ ನಿವಾಸ’ ಎಂದು ಬರೆದೆ. ಶುಶ್ರೂಷೆ ಸಂಸ್ಕೃತದ ‘ಶ್ರು’ ಧಾತುವಿನಿಂದ ಬಂದದ್ದು. ಕೇಳಬೇಕೆಂಬ ಇಚ್ಛೆ ಎಂಬುದು ಅದರ ಮೊದಲ ಅರ್ಥ, ಸೇವೆ ಎಂಬುದು ಆಮೇಲೆ ಬಂದದ್ದು. ಜಿಜ್ಞಾಸೆ (ತಿಳಿಯುವ ಇಚ್ಛೆ), ಪಿಪಾಸೆ (ಕುಡಿಯುವ ಇಚ್ಛೆ) ಇವುಗಳದೂ ಇದೇ ಅಚ್ಚು. ಚಿಕಿತ್ಸೆಯೂ ಅದೇ ಮನೆತನದ್ದು. ಕಿವಿಗೊಡುವುದೇ ಅರ್ಧ ಕೆಲಸವಾಗಿರುವ ಈ ಕೈಪಿಡಿಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು ಎಂದು ನನ್ನ ಎಣಿಕೆ. ‘ಸುಶ್ರೂಷೆ’ ಎಂದು ಬರೆಯುವವರು ದಯವಿಟ್ಟು ಗಮನಿಸಿ.

ಅಲ್ಲಿರುವವರು ‘ರೋಗಿ’ಗಳಲ್ಲ, ಅದು ಅವರ ಮನೆ. ಹಾಗಾಗಿ ‘ನಿವಾಸಿ’. ‘ನಿವಾಸಿಗೆ ವಾಸಿಯಾಯಿತು’ ಎಂಬ ವಾಕ್ಯ ಬಾರದಂತೆ ಎಚ್ಚರ ವಹಿಸುತ್ತಿದ್ದೇನೆ. ಆಸ್ಪತ್ರೆಗೆ ‘ವರ್ಗಾವಣೆ’ ಎಂದೂ ಬರೆದಿಲ್ಲ, ಅದು ನೌಕರರ ತಲೆನೋವು. ‘ಸಾಗಿಸುವುದು’ ಸಾಕು.

ಅಮೆರಿಕದ ಮೆಡಿಕೇರ್ ವಿಮೆಯ ನಿಯಮಗಳಲ್ಲಿ ಒಂದು ಸೊಗಸಿದೆ. ರೋಗಿ ಇರುವ ಕಡೆಗೆ ‘ಒರಿಜಿನೇಟಿಂಗ್ ಸೈಟ್’ ಎಂದೂ ವೈದ್ಯರು ಇರುವ ಕಡೆಗೆ ‘ಡಿಸ್ಟೆಂಟ್ ಸೈಟ್’ ಎಂದೂ ಹೆಸರು. ಅಂದರೆ ದೂರದಲ್ಲಿರುವುದು ವೈದ್ಯರು, ರೋಗಿಯಲ್ಲ. ಇದು ನನಗೆ ಬಹಳ ಹಿಡಿಸಿತು. ಆದರೆ ಮೊದಲನೆಯದನ್ನು ‘ಮೂಲ ಸ್ಥಳ’ ಎಂದರೆ ನಿವಾಸಿ ಹುಟ್ಟಿ ಬೆಳೆದ ಊರೆಂದು ಓದುಗರು ತಿಳಿದಾರು. ‘ನಿವಾಸಿಯ ಕಡೆ’, ‘ವೈದ್ಯರ ಕಡೆ’ ಎಂದು ಸರಳವಾಗಿ ಮುಗಿಸಿದ್ದೇನೆ.

ಈಗ ಅಡ್ಡ ಕುಳಿತ ಪದ. ನಿವಾಸಿಯ ಕಡೆ ನಿಂತು ಪರೀಕ್ಷೆ ನಡೆಸಿಕೊಡುವವರಿಗೆ ಇಂಗ್ಲಿಷಿನಲ್ಲಿ ‘ಟೆಲಿಪ್ರೆಸೆಂಟರ್’ ಎನ್ನುತ್ತಾರೆ. ಸಾಮಾನ್ಯವಾಗಿ ಇವರು ನರ್ಸ್. ಇವರು ಏನು ಮಾಡುತ್ತಾರೆಂದು ನೋಡಿ. ರಾತ್ರಿ ಪಾಳಿ, ನಿವಾಸಿಯೊಬ್ಬರಿಗೆ ಸಂಜೆಯಿಂದ ಏದುಸಿರು, ಕಾಲು ಊದಿದೆ. ಪರದೆಯ ಮೇಲೆ ವೈದ್ಯರು ಬಂದಿದ್ದಾರೆ. ನರ್ಸ್ ಡಿಜಿಟಲ್ ಸ್ಟೆತೊಸ್ಕೋಪನ್ನು ಬೆನ್ನಿಗೆ ಇಡುತ್ತಾರೆ. ‘ಇನ್ನೂ ಸ್ವಲ್ಪ ಕೆಳಗೆ’ ಎನ್ನುತ್ತದೆ ಪರದೆ. ಆಮೇಲೆ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ, ಹೆಬ್ಬೆರಳನ್ನು ಒತ್ತಿ ಹಿಡಿದು ಬಿಡುತ್ತಾರೆ. ಕುಳಿ ಉಳಿಯಿತೆ, ಎಷ್ಟು ಆಳ, ತುಂಬಿಕೊಳ್ಳಲು ಎಷ್ಟು ಹೊತ್ತು ಎಂದು ನೋಡಿ ಹೇಳುತ್ತಾರೆ. ಕ್ಯಾಮೆರಾ ಆ ಕುಳಿಯನ್ನು ತೋರಿಸಬಲ್ಲದು, ಒತ್ತಲಾರದು. ನಿವಾಸಿಗೆ ಕಿವಿ ಮಂದವಾಗಿದ್ದರೆ ವೈದ್ಯರ ಪ್ರಶ್ನೆಯನ್ನು ಕಿವಿಯ ಬಳಿ ಮತ್ತೆ ಹೇಳಬೇಕು. ಮರೆವಿನ ಕಾಯಿಲೆಯಿದ್ದರೆ, ದನಿ ಎಲ್ಲಿಂದ ಬಂತೆಂದು ಕೋಣೆಯೆಲ್ಲ ಹುಡುಕುವ ಕಣ್ಣುಗಳನ್ನು ಪರದೆಯ ಕಡೆಗೆ ತಿರುಗಿಸಬೇಕು. ‘ನಿನ್ನೆ ಇವರು ಹೀಗಿರಲಿಲ್ಲ’ ಎಂದು ಹೇಳಬಲ್ಲವರೂ ಇವರೇ. ನಿವಾಸಿಯನ್ನು ಅಪರಾತ್ರಿಯಲ್ಲಿ ಆಸ್ಪತ್ರೆಗೆ ಸಾಗಿಸಬೇಕೋ, ಇಲ್ಲೇ ಔಷಧಿ ಕೊಟ್ಟು ಬೆಳಗಿನವರೆಗೆ ಕಾಯಬಹುದೋ ಎಂಬ ತೀರ್ಮಾನಕ್ಕೆ ಆ ಒಂದು ಮಾತು ಬಹಳ ಮುಖ್ಯ. ಸಾಗಿಸುವುದೂ ನಿರಪಾಯವಲ್ಲ: ಹೊಸ ಜಾಗದಲ್ಲಿ ಬುದ್ಧಿ ಗಲಿಬಿಲಿಗೊಳ್ಳುವುದು, ಹಾಸಿಗೆ ಹುಣ್ಣು ಏಳುವುದು ವಯಸ್ಸಾದವರಲ್ಲಿ ಸಾಮಾನ್ಯ.

ಇದು ಹೊಸ ಕಥೆಯೂ ಅಲ್ಲ. 1905ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ವಿಲ್ಲೆಮ್ ಐಂತೋವೆನ್ ಎಂಬ ವಿಜ್ಞಾನಿ ಹೃದಯದ ವಿದ್ಯುತ್ ಸಂಕೇತಗಳನ್ನು ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ತರಿಸಿಕೊಂಡರು. ಅವರ ವಿಧಾನದಲ್ಲಿ ರೋಗಿಯ ಎರಡೂ ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಬೇಕಿತ್ತು. ಇತಿಹಾಸ ತಂತಿಯ ಈ ತುದಿಯವರ ಹೆಸರು ಹೇಳುತ್ತದೆ. ಆ ತುದಿಯಲ್ಲಿ ರೋಗಿಯನ್ನು ಅಣಿಗೊಳಿಸಿದವರನ್ನು ಕೇಳುವವರಿಲ್ಲ.

ಇಂಥವರಿಗೆ ‘ನಿರೂಪಕಿ’ ಎಂದರೆ ಟಿ.ವಿ. ಕಾರ್ಯಕ್ರಮವಾಗುತ್ತದೆ. ‘ಮಧ್ಯವರ್ತಿ’ಗೆ ದಲ್ಲಾಳಿಯ ವಾಸನೆ. ‘ಸಹಾಯಕಿ’ ಎಂದರೆ ವೈದ್ಯರ ಸಾಮಾನು ಎತ್ತಿ ಕೊಡುವವರು ಎಂಬ ಧ್ವನಿ, ಅದನ್ನಂತೂ ಒಪ್ಪಲಾರೆ. ‘ಜೊತೆಗಿರುವವರು’ ಚೆನ್ನಾಗಿತ್ತು, ಆದರೆ ಆಸ್ಪತ್ರೆಗಳಲ್ಲಿ ಅದು ಆಗಲೇ ರೋಗಿಯ ಮನೆಯವರಿಗೆ ಸಂದಿದೆ: ‘ಜೊತೆಗೆ ಯಾರಿದ್ದೀರಿ?’ ಎಂದರೆ ಮಗನೋ ಸೊಸೆಯೋ ಎದ್ದು ಬರುತ್ತಾರೆ.

ಸದ್ಯಕ್ಕೆ ನನ್ನ ಮನಸ್ಸು ‘ಬಳಿಯ ನರ್ಸ್’ ಕಡೆ ವಾಲಿದೆ. ವೈದ್ಯರು ದೂರ, ಇವರು ಬಳಿ ಎಂಬುದು ಪದದಲ್ಲೇ ಇದೆ. ತೊಡಕೆಂದರೆ ಕೆಲವು ಕಡೆ ನರ್ಸ್ ಅಲ್ಲದ ತರಬೇತಾದ ಆರೈಕೆದಾರರೂ ಈ ಕೆಲಸ ಮಾಡುತ್ತಾರೆ. ಆಗ ‘ಬಳಿಯವರು’ ಎಂದು ಬರೆದರೆ ನೆಂಟರಿಷ್ಟರ ಅರ್ಥ ಬಂದುಬಿಡುತ್ತದೆಯೇ? ‘ಬಳಿ ಪರೀಕ್ಷಕರು’ ಎಂದರೆ ಶಾಲೆಯ ಪರೀಕ್ಷೆ ನೆನಪಾಗುತ್ತದೆಯೇ? ಬಳಗದಲ್ಲಿ ನರ್ಸುಗಳಿದ್ದರೆ, ಪಾಳಿಯಲ್ಲಿ ನಿಮ್ಮ ಬಾಯಿಗೆ ತಾನಾಗಿ ಬರುವ ಪದವನ್ನೇ ತಿಳಿಸಿ. ನಿಘಂಟಿನ ಪದಗಳು ನನ್ನ ಬಳಿ ಬೇಕಾದಷ್ಟಿವೆ.