ಸಸಿಹಿತ್ಲಿನಲ್ಲಿ ಕಲಿತವರು ಅರುಗಂ ಬೇಯ ಪಾಯಿಂಟ್ ಬ್ರೇಕ್‌ಗೆ ಇಳಿಯಬಹುದೇ?

ಅಳಿವೆಬಾಗಿಲು (ಪ್ರಶ್ನೆ):
ಎರಡು ಹಂಗಾಮಿನಿಂದ ಮಂಗಳೂರು ಬಳಿಯ ಸಸಿಹಿತ್ಲಿನಲ್ಲಿ ಸರ್ಫಿಂಗ್ ಕಲಿಯುತ್ತಿದ್ದೇನೆ. ಇನ್ನೂ ಒಡೆಯದ ಅಲೆಯನ್ನು ಯಾರೂ ತಳ್ಳದೆ ಹಿಡಿಯುವುದು, ಎದ್ದು ನಿಂತು ಎಡಕ್ಕೋ ಬಲಕ್ಕೋ ತಿರುಗುವುದು ಈಗ ಬರುತ್ತದೆ. ಆದರೆ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಅಲ್ಲಿ ಮರಳದಿಣ್ಣೆ ಮಳೆಗಾಲ ಕಳೆದಾಗಲೆಲ್ಲ ಜಾಗ ಬದಲಿಸುವುದರಿಂದ ಹೋದ ವರ್ಷ ಗುರುತಿಟ್ಟುಕೊಂಡ ಜಾಗ ಈ ವರ್ಷ ಉಪಯೋಗಕ್ಕೆ ಬರುವುದಿಲ್ಲ. ಸವಾರಿಯೂ ಆರೇಳು ಸೆಕೆಂಡಿಗೆ ಮುಗಿದುಹೋಗುತ್ತದೆ. ಜುಲೈನಲ್ಲಿ ನಮ್ಮ ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಶ್ರೀಲಂಕಾದ ಪೂರ್ವ ಕರಾವಳಿಯ ಅರುಗಂ ಬೇಗೆ ಹೋಗುವ ಯೋಚನೆಯಿದೆ. ಅಲ್ಲಿನ ಮೇನ್ ಪಾಯಿಂಟ್ ಎಂಬ ಪಾಯಿಂಟ್ ಬ್ರೇಕ್‌ನಲ್ಲಿ (ಭೂಶಿರದ ಉದ್ದಕ್ಕೂ ಅಲೆ ಒಡೆಯುವ ಜಾಗ) ಒಂದೇ ಅಲೆ ನೂರಾರು ಮೀಟರ್ ದೂರ ಬಲಕ್ಕೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆಯಂತೆ. ಇದು ಹೇಗೆ ಸಾಧ್ಯ? ನನ್ನಂಥವರು ಅಲ್ಲಿಗೆ ಇಳಿಯಬಹುದೇ?

ತೆಂಕಣಗಾಳಿ:
ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ದಡದ ಹತ್ತಿರ ಅಲೆಯ ವೇಗವನ್ನು ನಿರ್ಧರಿಸುವುದು ನೀರಿನ ಆಳ. 10 ಮೀಟರ್ ಆಳವಿರುವಲ್ಲಿ ಸೆಕೆಂಡಿಗೆ ಸುಮಾರು 10 ಮೀಟರ್ ಸಾಗುವ ಅಲೆ, ಎರಡೂವರೆ ಮೀಟರ್ ಆಳಕ್ಕೆ ಬಂದಾಗ ಅದರ ಅರ್ಧ ವೇಗದಲ್ಲಿ ಸಾಗುತ್ತದೆ. ಕಡಲಿಗೆ ಚಾಚಿಕೊಂಡ ಭೂಶಿರದ ಬಳಿ ಅಲೆಯ ಒಂದು ತುದಿ ಆಳ ಕಡಿಮೆಯಿರುವ ಬಂಡೆಹಾಸಿನ ಮೇಲೆ ನಿಧಾನಿಸುತ್ತದೆ, ಇನ್ನೊಂದು ತುದಿ ಆಳದಲ್ಲಿ ಮುಂದೆ ಓಡುತ್ತದೆ. ತೇರಿನ ಒಂದು ಗಾಲಿಗೆ ಮರದ ತುಂಡು ಕೊಟ್ಟರೆ ತೇರು ಆ ಬದಿಗೆ ಹೊರಳುವ ಹಾಗೆ ಇಡೀ ಅಲೆ ಭೂಶಿರವನ್ನು ಸುತ್ತಿಕೊಂಡು ತಿರುಗುತ್ತದೆ. ಆದ್ದರಿಂದ ಅದು ಒಮ್ಮೆಲೇ ಉದ್ದಕ್ಕೂ ಕುಸಿಯದೆ, ತುದಿಯಿಂದ ಕೊಲ್ಲಿಯ ಒಳಗಿನವರೆಗೆ ಗೇಣು ಗೇಣಾಗಿ ಒಡೆಯುತ್ತಾ ಬರುತ್ತದೆ. ತಳ ಬಂಡೆಯಾದ್ದರಿಂದ ನಾಳೆಯೂ ಅಲ್ಲಿಯೇ ಒಡೆಯುತ್ತದೆ.

ಎಲ್ಲ ಅಲೆಗಳೂ ಹೀಗೆ ಬಾಗುವುದಿಲ್ಲ. ಜುಲೈ ಎಂದರೆ ದಕ್ಷಿಣ ಗೋಳಾರ್ಧದ ಚಳಿಗಾಲ. ಹಿಂದೂ ಮಹಾಸಾಗರದ ತೆಂಕಣ ತುದಿಯ ಬಿರುಗಾಳಿಗಳಲ್ಲಿ ಹುಟ್ಟಿ ಸಾವಿರಾರು ಕಿಲೋಮೀಟರ್ ಸಾಗಿಬಂದ ಅಲೆಗಳ ನಡುವಿನ ಅಂತರ 14 ಸೆಕೆಂಡಿನಷ್ಟಾದರೆ, ಅವು ಸುಮಾರು 150 ಮೀಟರ್ ಆಳದಲ್ಲಿಯೇ ತಳವನ್ನು ಸೋಕಲು ತೊಡಗುತ್ತವೆ. ಹತ್ತಿರದ ಗಾಳಿಗೆ ಎದ್ದ 7 ಸೆಕೆಂಡಿನ ಅಲೆಗೆ ತಳ ಸೋಕುವುದು 40 ಮೀಟರಿಗಿಂತ ಕಡಿಮೆ ಆಳದಲ್ಲಿ. ಮೊದಲನೆಯದಕ್ಕೆ ತಿರುಗಲು ಸಾಕಷ್ಟು ಸಮಯವಿರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ. ನಮ್ಮ ಕರಾವಳಿಗೆ ಮಳೆ ಸುರಿಸಿ ಕಡಲನ್ನು ಕಲಕುವ ಅದೇ ನೈಋತ್ಯ ಮಾರುತ ಲಂಕೆಯ ಗುಡ್ಡಗಳನ್ನು ದಾಟಿ ಪೂರ್ವಕ್ಕೆ ಇಳಿಯುವಾಗ ಒಣಗಿರುತ್ತದೆ, ದಡದಿಂದ ಕಡಲಿನತ್ತ ಬೀಸಿ ಬೆಳಗಿನ ಹೊತ್ತು ಅಲೆಯ ಮುಖವನ್ನು ನಯವಾಗಿಡುತ್ತದೆ.

ಹಳೆಬೋರ್ಡು:
ಮೇಲಿನ ವಿವರಣೆ ಸರಿಯಾಗಿದೆ. ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ, ಮೊದಲ ದಿನವೇ ಮೇನ್ ಪಾಯಿಂಟ್ ಬೇಡ ಎಂಬುದು. ಮರಳದಂಡೆಯಲ್ಲಿ ಅಲೆ ಹತ್ತು ಕಡೆ ಏಳುವುದರಿಂದ ಜನ ಚದುರಿರುತ್ತಾರೆ. ಪಾಯಿಂಟ್‌ನಲ್ಲಿ ಅಲೆ ಏಳುವ ಜಾಗ ಒಂದೇ, ಹಂಗಾಮಿನಲ್ಲಿ ಅದಕ್ಕಾಗಿ ಕಾಯುವವರು ಬಹಳ. ಒಡೆಯುವ ತುದಿಗೆ ಹತ್ತಿರವಿರುವವನದ್ದೇ ಅಲೆ. ಅವನು ಎದ್ದ ಮೇಲೆ ಅವನ ಮುಂದೆ ನೀವು ಇಳಿಯಬಾರದು, ಸಾಲು ತಪ್ಪಿಸಿ ಸುತ್ತಿ ಒಳಗೆ ನುಸುಳಲೂಬಾರದು. ಎದ್ದು ನಿಲ್ಲುವುದಕ್ಕಿಂತ ನನಗೆ ಕಷ್ಟವಾದದ್ದು ಈ ಕಾಯುವಿಕೆಯೇ: ಮೊದಲ ಬೆಳಿಗ್ಗೆ ಎರಡು ಗಂಟೆಯಲ್ಲಿ ನನಗೆ ಸಿಕ್ಕಿದ್ದು ಒಂದೇ ಅಲೆ, ಅದರಲ್ಲಿಯೂ ಬಿದ್ದೆ.

ಮೊದಲ ಮೂರು ದಿನ ಉತ್ತರಕ್ಕಿರುವ ವಿಸ್ಕಿ ಪಾಯಿಂಟ್ ಅಥವಾ ದಕ್ಷಿಣಕ್ಕಿರುವ ಪೀನಟ್ ಫಾರ್ಮ್‌ಗೆ ಹೋಗಿ. ಅವೂ ಬಲಕ್ಕೆ ಒಡೆಯುವ ಪಾಯಿಂಟ್‌ಗಳೇ, ಮೇನ್ ಪಾಯಿಂಟ್‌ಗಿಂತ ಮೃದು. ಅಲ್ಲಿ ಅಲೆಯ ಹೆಗಲಿನ (ಇನ್ನೂ ಒಡೆಯದ ಬದಿಯ) ಕಡೆಗೆ ತೀರಾ ಮುಂದಕ್ಕೆ ಓಡಿಹೋಗದೆ, ನೊರೆಯ ಬಳಿಯೇ ವೇಗ ಹೊಂದಿಸಿಕೊಂಡು ಉಳಿಯುವುದನ್ನು ಅಭ್ಯಾಸ ಮಾಡಿ. ಆರು ಸೆಕೆಂಡಿನ ಸವಾರಿಯಲ್ಲಿ ಇದನ್ನು ಕಲಿಯುವ ಅವಕಾಶವೇ ಇರುವುದಿಲ್ಲ.

ಅಳಿವೆಬಾಗಿಲು:
ಇಬ್ಬರಿಗೂ ಧನ್ಯವಾದಗಳು. ಸವಾರಿ ಮುಗಿದ ಮೇಲೆ ಅಷ್ಟು ದೂರ ಬೋರ್ಡಿನ ಮೇಲೆ ಮಲಗಿ ಕೈಯಿಂದ ನೀರು ತಳ್ಳಿಕೊಂಡೇ ಹಿಂದಿರುಗಬೇಕೇ?

ಹಳೆಬೋರ್ಡು:
ಬೇಡ. ನೀರಿನ ಸೆಳೆತ ಭೂಶಿರದಿಂದ ಕೊಲ್ಲಿಯ ಒಳಗೆ ಹರಿಯುವುದರಿಂದ ಅದಕ್ಕೆ ಎದುರಾಗಿ ಹೋದರೆ ತೋಳು ಸೋಲುತ್ತದೆ. ದಡ ಹತ್ತಿ, ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ತುದಿಯವರೆಗೆ ನಡೆದು, ಎರಡು ಗುಂಪು ಅಲೆಗಳ ನಡುವಿನ ಬಿಡುವಿನಲ್ಲಿ ಬಂಡೆಯ ಬಳಿ ನೀರಿಗಿಳಿಯಿರಿ. ಬರಿಗಾಲಿನಲ್ಲಿ ಇಳಿದು ಅಂಗಾಲಿಗೆ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮುಳ್ಳು ಹೊಕ್ಕು ನಾನು ಎರಡು ದಿನ ಕಳೆದುಕೊಂಡಿದ್ದೇನೆ, ಬಂಡೆಯ ಮೇಲೆ ನಡೆಯಲು ತೊಡುವ ರೀಫ್ ಶೂ ಮರೆಯಬೇಡಿ. ಕಡಲಿನ ಇಳಿತದ ಹೊತ್ತಿನಲ್ಲಿ ಬಂಡೆ ನೀರಿನ ಮಟ್ಟಕ್ಕೆ ಇನ್ನಷ್ಟು ಹತ್ತಿರವಿರುತ್ತದೆ. ಪೀನಟ್ ಫಾರ್ಮ್‌ನಿಂದ ಕತ್ತಲಾಗುವ ಮೊದಲೇ ಹೊರಟುಬಿಡಿ. ಆ ರಸ್ತೆಗೆ ಸಂಜೆ ಆನೆಗಳು ಬರುತ್ತವೆ.